ಸೊನ್ನೆ ವರದಿ

ಬೂದಗುಡ್ಡ, ಮಕ್ತಲ ಮಂಡಲ
12 ಜುಲೈ 2016

ಶ್ರೀವಲ್ಲಿ ಮೇಡಂ ಅವರಿಗೆ,

ಇಲ್ಲಿ ಎಲ್ಲವೂ ಕ್ಷೇಮ ಎಂದು ಬರೆಯುವುದು ನಿನ್ನ ಕಚೇರಿಯ ಕೆಲಸ. ನಾನು ಬೇರೆ ವಿಷಯ ಬರೆಯುತ್ತೇನೆ.

ಹೋದ ವಾರ ಮಹಬೂಬನಗರದ ತರಬೇತಿಯಲ್ಲಿ ನೀನು ವೇದಿಕೆಯ ಮೇಲಿದ್ದೆ, ನಾನು ಏಳನೆಯ ಸಾಲಿನಲ್ಲಿದ್ದೆ. ಊಟದ ಹೊತ್ತಿಗೆ ಎದುರು ಬಂದು ನಿಂತರೆ, "ಮಕ್ತಲ್ ಸೈಡ್ ಟೆಕ್ನಿಷಿಯನ್ನಾ ಮೀರು?" ಎಂದು ತೆಲುಗಿನಲ್ಲಿ, 'ನೀವು' ಹಚ್ಚಿ ಕೇಳಿ ಮುಂದೆ ನಡೆದೆ. ರಾಯಚೂರಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು, ಒಂದೇ ಮೈಕ್ರೋಸ್ಕೋಪಿಗೆ ಸರದಿ ಹಚ್ಚಿದವರು ನಾವು. ಗಂಗಾಂಬಿಕಾ ಎನ್ನುವುದು ಮರೆಯುವಷ್ಟು ಸಣ್ಣ ಹೆಸರೇನಲ್ಲ. ಇರಲಿ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ಹೇಳಿದ್ದನ್ನು ನಿನ್ನ ಕಚೇರಿಯವರು ಹೇಳಲೇ ಇಲ್ಲ ಎನ್ನುತ್ತಾರೆ. ಅದಕ್ಕೇ ರಿಜಿಸ್ಟರ್ಡ್ ಅಂಚೆ. ಕನ್ನಡದಲ್ಲಿ ಏಕೆಂದರೆ, ನಿನ್ನ ಮೇಜಿನ ಸುತ್ತ ಕೂತವರಲ್ಲಿ ಇದನ್ನು ಓದಬಲ್ಲವಳು ನೀನೊಬ್ಬಳೇ.

ನಿಮ್ಮ ರೋಗ ನಿಗಾ ಯೋಜನೆ ಕೊಟ್ಟ ಟ್ಯಾಬ್ ನಮ್ಮ ಆರೋಗ್ಯ ಕೇಂದ್ರಕ್ಕೆ ತಲುಪಿದೆ. ಪ್ರತಿ ಸೋಮವಾರ ಹದಿನೆಂಟು ರೋಗಗಳ ಎದುರು ಅಂಕಿ ತುಂಬಬೇಕು. ನಾನು ಮುಟ್ಟದೆ ಬಿಟ್ಟರೆ ಅದೇ ಹದಿನೆಂಟು ಸೊನ್ನೆ ಹಾಕಿಕೊಂಡು ಧನ್ಯವಾದ ಹೇಳುತ್ತದೆ. ಇಷ್ಟು ವಿಧೇಯ ನೌಕರ ಸರಕಾರಕ್ಕೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಆದರೆ ಸೊನ್ನೆಯಲ್ಲದ್ದನ್ನು ಬರೆಯಬೇಕಾದರೆ ರಕ್ತ ನೋಡಬೇಕು, ಕಫ ನೋಡಬೇಕು. ನಾಲ್ಕು ತಿಂಗಳಿಂದ ಇಲ್ಲಿ ಹೊಸ ಸ್ಲೈಡ್ ಬಂದಿಲ್ಲ, ಬಣ್ಣದ ಸೀಸೆ ಬಂದಿಲ್ಲ. ಹಳೆಯ ಗಾಜುಗಳನ್ನೇ ತೊಳೆದು ತೊಳೆದು ಅವು ಮಂಜು ಕವಿದಂತಾಗಿವೆ. ಹೊಸ ರಾಜ್ಯ ಬಂದ ಮೇಲೆ ಹೊರಗಿನ ಫಲಕದಲ್ಲಿ ಆಂಧ್ರ ಅಳಿಸಿ ತೆಲಂಗಾಣ ಬರೆದರು. ಒಳಗೆ ಮಾಡಬೇಕಾದ ಕೆಲಸ ಅಷ್ಟಕ್ಕೇ ಮುಗಿಯಿತು ಎಂದುಕೊಂಡರೇನೋ.

ಸ್ಲೈಡು, ಬಣ್ಣ ಕಳಿಸು. ಟ್ಯಾಬಿನಲ್ಲಿ ಪಶುಗಳಿಗೂ ಒಂದು ಕಾಲಂ ಹಾಕಿಸು. ಏಕೆಂದು ಕೇಳು. ಹತ್ತು ದಿನದ ಹಿಂದೆ ಜಂಬಪ್ಪ ಎಂಬ ಕುರಿ ಕಾಯುವವನು ಬಂದ. ಮುಂಗೈ ಮೇಲೆ ರೂಪಾಯಿಯಗಲ ಕಪ್ಪು ಹಕ್ಕಳೆ, ಸುತ್ತ ಬಾವು.

"ನೋಯ್ತೈತೇನು ಜಂಬಪ್ಪ?"

"ಇಲ್ರಿ ಅಕ್ಕಾರ. ಮೊದ್ಲ ತುರಸ್ತಿತ್ತು, ಈಗ ಅದೂ ಇಲ್ಲ."

"ಸತ್ತ ಕುರಿ ಮುಟ್ಟಿದ್ದೇನು?"

"ಚರ್ಮ ಸುಲಿದಿದ್ನ್ರಿ" ಎಂದ.

ನಮ್ಮ ಡಾಕ್ಟರು ಗುರುಲಿಂಗ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ, ಪೆನಿಸಿಲಿನ್ ಕೊಟ್ಟರು. ವಾಸಿಯಾಯಿತು. ಆ ಕುರಿ ಯಾವುದರಿಂದ ಸತ್ತಿತು ಎಂದು ಕೇಳುವ ಜಾಗ ನಿಮ್ಮ ಹದಿನೆಂಟು ಸಾಲುಗಳಲ್ಲಿ ಎಲ್ಲಿಯೂ ಇಲ್ಲ.

ಇಂತಿ,
ಗಂಗಾಂಬಿಕಾ
ಲ್ಯಾಬ್ ಟೆಕ್ನಿಷಿಯನ್, ಕರಾರಿನ ಮೇಲೆ


ಹೈದರಾಬಾದ್
28 ಜುಲೈ 2016

ಪ್ರಿಯ ಗಂಗಾ,

ಮುನ್ನೂರು ಜನರ ನಡುವೆ ಒಂದು ಮುಖ ತಪ್ಪಿದ್ದಕ್ಕೆ ರಿಜಿಸ್ಟರ್ಡ್ ಪತ್ರ ಬರೆಯುವವಳು ನೀನೊಬ್ಬಳೇ. ನಿನ್ನ ಕೈಬರಹ ಹಾಗೇ ಇದೆ, ನಿನ್ನ ಕೋಪವೂ.

ಸೊನ್ನೆಯನ್ನು ನೀನು ತಪ್ಪು ತಿಳಿದಿದ್ದೀಯ. ನೋಡಿ ಏನೂ ಇಲ್ಲ ಎಂದ ಕೇಂದ್ರ ಯಾವುದು, ನೋಡದೆ ಮಲಗಿದ ಕೇಂದ್ರ ಯಾವುದು ಎಂದು ತಿಳಿಯಲು ಸೊನ್ನೆ ಬೇಕು. ಅದೂ ಒಂದು ವರದಿಯೇ. ಇದನ್ನು ತರಬೇತಿಯಲ್ಲಿ ಹೇಳಿದ್ದೆ. ಏಳನೆಯ ಸಾಲಿಗೆ ಕೇಳಿಸಲಿಲ್ಲವೇನೋ. ಈ ವ್ಯವಸ್ಥೆ ಹನ್ನೊಂದು ಬಡ ದೇಶಗಳಲ್ಲಿ ನಡೆಯುತ್ತಿದೆ. ಅಲ್ಲಿ ಯಾರೂ ಕುರಿಗಳಿಗೆ ಕಾಲಂ ಕೇಳಿಲ್ಲ. ಕುರಿ ಬೇರೆ ಇಲಾಖೆ.

ಸ್ಲೈಡು, ಬಣ್ಣದ ಬೇಡಿಕೆ ನಿಮ್ಮ ಡಾಕ್ಟರ ಮೂಲಕ, ಕ್ರಮವಾಗಿ ಬರಲಿ. ಆದರೆ ಅದರ ಅಗತ್ಯವೂ ಹೆಚ್ಚು ದಿನ ಇರುವುದಿಲ್ಲ. ಗದ್ವಾಲದಲ್ಲಿ ನಮ್ಮ ಯೋಜನೆಯ ಹೊಸ ಪ್ರಯೋಗಾಲಯ ಈ ತಿಂಗಳು ತೆರೆದಿದೆ. ಏನಾದರೂ ಅನುಮಾನ ಬಂದರೆ ಮಾದರಿ ಅಲ್ಲಿಗೆ ಕಳಿಸು. ಹಳ್ಳಿಯ ಮೂಲೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ಒಂದು ಕಣ್ಣು ಮುಚ್ಚಿ ಕೂರುವ ಕಾಲ ಮುಗಿಯಿತು. ನಿನಗೆ ಇದು ಬೇಸರ ತರಬಹುದು, ಆ ಕೆಲಸದಲ್ಲಿ ನೀನು ನನಗಿಂತ ಯಾವಾಗಲೂ ಮುಂದಿದ್ದೆ.

ಅಕ್ಟೋಬರಿನಲ್ಲಿ ಹೊರದೇಶದಿಂದ ಯೋಜನೆಗೆ ನೆರವು ಕೊಡುವವರ ತಂಡ ಬರುತ್ತದೆ. ಆ ಹೊತ್ತಿಗೆ ನಿಮ್ಮ ಮಂಡಲದ ವರದಿ ಒಂದು ವಾರವೂ ತಪ್ಪಬಾರದು.

ನಿನ್ನ,
ಶ್ರೀವಲ್ಲಿ


ಬೂದಗುಡ್ಡ
17 ಆಗಸ್ಟ್ 2016

ಶ್ರೀವಲ್ಲಿಗೆ,

ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೃಷ್ಣಾ ಪುಷ್ಕರ ಶುರುವಾಗಿ ಇವತ್ತಿಗೆ ಆರು ದಿನ. ನಮ್ಮ ಡಾಕ್ಟರು, ಇಬ್ಬರು ನರ್ಸುಗಳು, ಆಂಬ್ಯುಲೆನ್ಸು ಎಲ್ಲವೂ ಸ್ನಾನಘಟ್ಟದ ಡ್ಯೂಟಿಗೆ ಹೋಗಿವೆ. ಮುಳುಗು ಹಾಕಿ ಪುಣ್ಯ ಕಟ್ಟಿಕೊಳ್ಳುವವರಿಗೆ ನೆಗಡಿಯೂ ಆಗಬಾರದು. ಕೇಂದ್ರದಲ್ಲಿ ಉಳಿದವರು ನಾನು ಮತ್ತು ಕಸ ಗುಡಿಸುವ ನಾಗಯ್ಯ.

ಶನಿವಾರ ಬೆಳಿಗ್ಗೆ ಆಶಪ್ಪ ಬಂದ. ನೂರಿಪ್ಪತ್ತು ಕುರಿಗಳ ಹಿಂಡಿನವನು, ಸುಳ್ಳು ಹೇಳುವವನಲ್ಲ.

"ಅಕ್ಕಾರ, ನಾಕ್ ದಿನದಾಗ ಒಂಬತ್ತು ಬಿದ್ದಾವ್ರಿ. ಸಂಜಿಮಟ ಚಲೋ ಮೇಯ್ತಾವ, ಮುಂಜಾನಿ ನೋಡಿದ್ರ ಸೆಟದು ಬಿದ್ದಿರ್ತಾವ. ಮೂಗಿನ್ಯಾಗ ಕರೀ ನೆತ್ತರ."

"ಸತ್ತಿದ್ದನ್ನ ಏನ್ ಮಾಡಿದ್ರಿ?"

"ಏನ್ ಮಾಡಾಕ ಬರ್ತೈತ್ರಿ? ಹನ್ನೊಂದು ಮನ್ಯಾಗ ಹಂಚಿಕೊಂಡು ತಿಂದ್ವಿ. ಕೊಯ್ದಾಕಿ ನಮ್ಮ ಮನಿಯಾಕಿ, ಹಂಪಮ್ಮ."

ನಾನು ಅವನ ಹಿಂದೆಯೇ ಹೋದೆ. ಹತ್ತನೆಯದು ಆಗ ತಾನೇ ಬಿದ್ದಿತ್ತು. ಹೊಟ್ಟೆ ಸೀಳಲು ಬಿಡಲಿಲ್ಲ. ಕಿವಿಗೆ ಸೂಜಿ ಚುಚ್ಚಿ ಎರಡು ಗಾಜಿನ ಮೇಲೆ ರಕ್ತ ಹಚ್ಚಿಕೊಂಡು ಬಂದು, ಐದು ವರ್ಷದ ಹಳೆಯ ನೀಲಿ ಸೀಸೆ ತೆಗೆದೆ. ಆ ಬಣ್ಣ ಹಳೆಯದಾದಷ್ಟೂ ಈ ಕೆಲಸಕ್ಕೆ ಒಳ್ಳೆಯದು ಎಂದು ನಮಗೆ ಕಲಿಸಿದ್ದರು. ಹೊಸದನ್ನು ಕಳಿಸದೆ ನೀವು ಉಪಕಾರವನ್ನೇ ಮಾಡಿದಿರಿ. ಮೈಕ್ರೋಸ್ಕೋಪಿನಲ್ಲಿ ನೀಲಿ ಕಡ್ಡಿಗಳು, ತುದಿ ಕತ್ತರಿಸಿದಂತೆ ಚೌಕ, ಸರಪಣಿ ಸರಪಣಿಯಾಗಿ ನಿಂತಿದ್ದವು. ಸುತ್ತಲೂ ಗುಲಾಬಿ ಪೊರೆ. ನೋಡಿ ಎದ್ದು ಎರಡು ಸಲ ಕೈ ತೊಳೆದೆ.

ಇಲ್ಲಿಯವರು ದೊಮ್ಮ ಎನ್ನುತ್ತಾರೆ. ನಿನ್ನ ಕಚೇರಿಯಲ್ಲಿ ಆಂಥ್ರಾಕ್ಸ್. ಸತ್ತ ಕುರಿಯನ್ನು ಮುಟ್ಟಿದವರಿಗೆ, ತಿಂದವರಿಗೆ ತಗಲುತ್ತದೆ. ಬೇಗ ಗುಳಿಗೆ ಕೊಟ್ಟರೆ ಹೋಗುತ್ತದೆ. ತಡವಾದರೆ ಮನುಷ್ಯನೇ ಹೋಗುತ್ತಾನೆ.

ಆಶಪ್ಪನ ಬೆರಳಿನ ಮೇಲೂ ಗುಳ್ಳೆ ಎದ್ದಿದೆ. ಸೋಮವಾರ ಟ್ಯಾಬಿನಲ್ಲಿ 'ಇತರೆ' ಎಂಬ ಸಾಲಿನಲ್ಲಿ ಶಂಕಿತ ಆಂಥ್ರಾಕ್ಸ್ ಒಂದು ಎಂದು ಬರೆದೆ. ಅರ್ಧ ತಾಸಿನಲ್ಲಿ ನಿನ್ನ ಕಚೇರಿಯಿಂದ ಒಬ್ಬ ಫೋನು ಮಾಡಿ, "ಮೇಡಂ, ಡಾಟಾ ಎರ್ರರ್ ತೋರಿಸುತ್ತಿದೆ, ಜೀರೋ ಮಾಡಿ" ಎಂದ. ರೋಗವನ್ನು ಹುಡುಕಲೆಂದು ಕಟ್ಟಿದ ಯಂತ್ರ ರೋಗ ಸಿಕ್ಕ ಕೂಡಲೇ ತಪ್ಪಾಗಿದೆ ಎಂದು ಕೂಗುವುದನ್ನು ಇಲ್ಲಿಯೇ ನೋಡಿದೆ. ಮಾಡುವುದಿಲ್ಲ ಎಂದೆ.

ನಿನ್ನೆ ಸ್ಲೈಡು ಹಿಡಿದು ಗದ್ವಾಲಕ್ಕೆ ಹೋದೆ. ನಿನ್ನ ಪ್ರಯೋಗಾಲಯ ಬಹಳ ಚೆನ್ನಾಗಿದೆ. ನೆಲದಲ್ಲಿ ಮುಖ ಕಾಣುತ್ತದೆ. ಯಂತ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಅಲ್ಲಿದ್ದವನನ್ನು ಕೇಳಿದೆ.

"ಮೆಷಿನ್ ಐತ್ರಿ, ಕಿಟ್ ಇಲ್ಲ. ಕಿಟ್ ಬಂದ್ರ ಕರೆಂಟ್ ನಿಲ್ಲಂಗಿಲ್ಲ. ಎರಡೂ ಇದ್ದ ದಿನ ನನಗ ಪುಷ್ಕರ ಡ್ಯೂಟಿ ಬೀಳ್ತೈತಿ."

"ಸ್ಲೈಡು ತಲುಪಿತು ಅಂತನಾದ್ರೂ ಬರ್ದು ಕೊಡ್ರಿ."

"ತಗೊಂಡೆ ಅಂತ ಬರದ್ರ ಟೆಸ್ಟ್ ಮಾಡಬೇಕಾಗ್ತೈತಲ್ರಿ" ಎಂದು ಅವನು ನಕ್ಕ. ಕೆಟ್ಟವನಲ್ಲ, ನಿಮ್ಮ ನೆರಳಿನಲ್ಲಿ ಬೆಳೆದವನು ಅಷ್ಟೇ.

ಬರುವಾಗ ಘಟ್ಟಕ್ಕೆ ಹೋಗಿ ಡಾಕ್ಟರನ್ನು ಕಂಡೆ. ಲಿಖಿತ ಅಪ್ಪಣೆಯಿಲ್ಲದೆ ಜಾಗ ಬಿಟ್ಟರೆ ನೋಟಿಸ್ ಬರುತ್ತದೆ ಎಂದರು. ಕಿಸೆಯಲ್ಲಿದ್ದ ಗುಳಿಗೆಗಳನ್ನು ಆಶಪ್ಪನಿಗೆಂದು ಕೊಟ್ಟರು. ಉಳಿದ ಹತ್ತು ಮನೆಗೆ ಮದ್ದು ಬೇಕು, ಡಾಕ್ಟರು ಬೇಕು. ನೀನು ಒಂದು ಫೋನು ಮಾಡಿದರೆ ಅವರನ್ನು ಬಿಡುತ್ತಾರೆ. ಒಂದೇ ಒಂದು ಫೋನು, ಶ್ರೀವಲ್ಲಿ. ಇದಕ್ಕೆ ನಿನ್ನ ಹನ್ನೊಂದು ದೇಶಗಳ ಅನುಮತಿ ಬೇಕಿಲ್ಲ.

ಗಂಗಾಂಬಿಕಾ


ಹೈದರಾಬಾದ್
21 ಆಗಸ್ಟ್ 2016

ಗಂಗಾಂಬಿಕಾ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಲಕ್ಷಾಂತರ ಜನ ಸೇರಿದ ಹೊತ್ತಿನಲ್ಲಿ ದೃಢಪಡದ ರೋಗದ ಹೆಸರನ್ನು ಕಾಗದದ ಮೇಲೆ ಬರೆದು ಊರೂರು ಹೊತ್ತು ತಿರುಗುವುದು ಬೇಜವಾಬ್ದಾರಿ. ಟೆಕ್ನಿಷಿಯನ್ ಕಂಡದ್ದನ್ನು ಬರೆಯಬೇಕು. ಅದು ಏನು ಎಂದು ನಿರ್ಧರಿಸಲು ಡಾಕ್ಟರಿದ್ದಾರೆ, ಅವರ ಮೇಲೆ ನಾವಿದ್ದೇವೆ. ಪುಷ್ಕರ ಮುಗಿದ ಮೇಲೆ ಪರಿಶೀಲಿಸಲಾಗುವುದು.

ಸ್ನೇಹದಿಂದ ಒಂದು ಮಾತು. ಪ್ರತಿ ವಾರ ಯಾವುದೋ ಮೂಲೆಯಿಂದ ಯಾರೋ ಒಬ್ಬರು ಲೋಕ ಮುಳುಗುತ್ತದೆ ಎಂದು ಬರೆಯುತ್ತಾರೆ. ನಾವು ಪ್ರತಿಯೊಬ್ಬರಿಗೂ ಎದ್ದು ಓಡಿದರೆ ಕೆಲಸ ಮಾಡುವವರು ಯಾರು?

ಶ್ರೀವಲ್ಲಿ


ಬೂದಗುಡ್ಡ
2 ಸೆಪ್ಟೆಂಬರ್ 2016

ಶ್ರೀವಲ್ಲಿಗೆ,

ನೀನು ಆ ಪತ್ರ ಬರೆದ ದಿನ ಮಧ್ಯಾಹ್ನ ಹಂಪಮ್ಮ ತೀರಿಕೊಂಡಳು.

ಹಂಪಮ್ಮ ಆಶಪ್ಪನ ಹೆಂಡತಿ. ಕುರಿ ಕೊಯ್ದು ಹನ್ನೊಂದು ಮನೆಗೆ ಹಂಚಿದವಳು. ಆಕೆಯ ಕೈಯಲ್ಲಿ ಗುಳ್ಳೆ ಇರಲಿಲ್ಲ. ಅದಕ್ಕೇ ನಾನು ಒಂದು ಸಲ ಕೇಳಿ, "ನನಗೇನಾಗೈತ್ರಿ, ಗಟ್ಟಿ ಅದೀನಿ" ಎಂದ ಕೂಡಲೇ ಬಿಟ್ಟೆ. ಎರಡನೆಯ ಸಲ ಕೇಳಲಿಲ್ಲ. ಆ ತಪ್ಪು ನನ್ನದು. ನನ್ನ ರಿಜಿಸ್ಟರಿನಲ್ಲಿ ಹಾಗೆಯೇ ಬರೆದಿದ್ದೇನೆ. ನಿಮ್ಮ ಪುಸ್ತಕಗಳಲ್ಲಿ ಇಂಥದ್ದನ್ನು ಬರೆಯುವ ಪದ್ಧತಿ ಇಲ್ಲ, ಗೊತ್ತು.

ಹತ್ತೊಂಬತ್ತಕ್ಕೆ ಹೊಟ್ಟೆನೋವು, ಇಪ್ಪತ್ತಕ್ಕೆ ರಕ್ತವಾಂತಿ. ಆಂಬ್ಯುಲೆನ್ಸು ಘಟ್ಟದಲ್ಲಿತ್ತು. ಹತ್ತಿ ಸಾಗಿಸುವ ಟೆಂಪೋದಲ್ಲಿ ರಾಯಚೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಆಕೆ ನನ್ನ ಸೆರಗು ಹಿಡಿದಿದ್ದಳು. ಕೃಷ್ಣೆಯ ಸೇತುವೆ ದಾಟುವಾಗ ಕೆಳಗೆ ಸ್ನಾನದ ಜನ, ಮೈಕಿನಲ್ಲಿ ಮಂತ್ರ. "ಅಕ್ಕಾರ, ಎಷ್ಟ್ ಮಂದಿ ಸೇರ್ಯಾರ ನೋಡ್ರಿ" ಎಂದಳು. ಆಮೇಲೆ ಮಾತಾಡಲಿಲ್ಲ.

ರಾಯಚೂರಿನವರು ರಕ್ತ ತೆಗೆದು ಅದರಲ್ಲಿನ ರೋಗಾಣು ಬೆಳೆಸಿ ನೋಡಿದರು. ಮೊನ್ನೆ ವರದಿ ಬಂತು: ಆಂಥ್ರಾಕ್ಸ್. ನನ್ನ ಒಂದು ಕಣ್ಣು ಕಂಡದ್ದನ್ನೇ ಅವರೂ ಕಂಡರು. ಆದರೆ ಹೆಂಗಸು ತೆಲಂಗಾಣದವಳು, ಅವರ ಲೆಕ್ಕಕ್ಕೆ ಬರುವುದಿಲ್ಲ. ಸತ್ತದ್ದು ಕರ್ನಾಟಕದಲ್ಲಿ, ನಿಮ್ಮ ಲೆಕ್ಕಕ್ಕೂ ಬರುವುದಿಲ್ಲ. ರೋಗಕ್ಕೆ ಗಡಿಯಿಲ್ಲ ಎಂದು ತರಬೇತಿಯಲ್ಲಿ ನೀನು ಪರದೆಯ ಮೇಲೆ ತೋರಿಸಿದ್ದೆ. ಹಿಂದೆ ನೀಲಿ ಭೂಗೋಳ ತಿರುಗುತ್ತಿತ್ತು.

ಸಾವಿನ ಸುದ್ದಿ ಕೇಳಿ ಡಾಕ್ಟರ್ ಗುರುಲಿಂಗ ಅಪ್ಪಣೆಗೆ ಕಾಯದೆ ಬಂದರು. ಹನ್ನೊಂದು ಮನೆಗೂ ಮದ್ದು ಕೊಟ್ಟೆವು. ಇಬ್ಬರಿಗೆ ಗುಳ್ಳೆ ಎದ್ದಿತ್ತು, ಇಬ್ಬರೂ ಬದುಕಿದರು. ಆಮೇಲೆ ಸತ್ತ ಕುರಿಗಳ ಹೆಣಗಳನ್ನು ಸುಣ್ಣ ಹಾಕಿ ಆಳದಲ್ಲಿ ಹೂಳಿಸಿದೆವು. ಡಾಕ್ಟರಿಗೆ ನೋಟಿಸ್ ಬಂದಿದೆ. ನಿಮ್ಮ ವ್ಯವಸ್ಥೆಯಲ್ಲಿ ಸರಿಯಾದ ವಿಳಾಸಕ್ಕೆ ಸರಿಯಾದ ಹೊತ್ತಿಗೆ ತಲುಪಿದ್ದು ಅದೊಂದೇ.

ಇನ್ನೊಂದು ವಿಷಯ. ನಿನ್ನೆ ಟ್ಯಾಬಿನಲ್ಲಿ ಹಿಂದಿನ ವಾರಗಳನ್ನು ನೋಡಿದೆ. ಆಗಸ್ಟ್ ಹದಿನೈದರ ವರದಿಯಲ್ಲಿ ನಾನು ಬರೆದ 'ಒಂದು' ಇಲ್ಲ. ಅಲ್ಲಿ ಸೊನ್ನೆ ಇದೆ, ಕೆಳಗೆ ನನ್ನ ಹೆಸರಿದೆ. ತಿದ್ದಿದ ದಿನ ಹದಿನೆಂಟು. ತಿದ್ದಿದವರು ಯಾರು?

ಗಂಗಾಂಬಿಕಾ


ಹೈದರಾಬಾದ್
25 ಸೆಪ್ಟೆಂಬರ್ 2016

ಗಂಗಾ,

ನಾನೇ.

ಸುತ್ತಿ ಬಳಸಿ ಬರೆಯಲು ಮೂರು ವಾರ ಪ್ರಯತ್ನಿಸಿದೆ. ನಿನಗೆ ಹಾಗೆ ಬರೆದರೆ ನೀನು ನಗುತ್ತೀಯ.

ಆಗಸ್ಟ್ ಹದಿನೆಂಟರಂದು ಮೇಲಿನವರು ಕರೆದು, ಪುಷ್ಕರದ ನಡುವೆ ಈ ಅಂಕಿ ಹೊರಗೆ ಬಂದರೆ ಯೋಜನೆ ಮುಚ್ಚುತ್ತದೆ ಎಂದರು. ನಲವತ್ತು ಪ್ರಯೋಗಾಲಯಗಳು ಕಟ್ಟಬೇಕಾಗಿವೆ. ಇವತ್ತು ಪ್ಲಾಸ್ಟಿಕ್ ಹೊದ್ದಿರುವ ಯಂತ್ರ ಎರಡು ವರ್ಷಕ್ಕೆ ಕೆಲಸ ಮಾಡುತ್ತದೆ, ಆಗ ಸಾವಿರ ಹಂಪಮ್ಮಂದಿರು ಉಳಿಯುತ್ತಾರೆ. ನಾನು ತೂಗಿ ನೋಡಿದೆ. ನೀನು ಎಂದೂ ತೂಗಬೇಕಾದ ಕುರ್ಚಿಯಲ್ಲಿ ಕೂತವಳಲ್ಲ. ರಾಯಚೂರಿನಲ್ಲೂ ಅಷ್ಟೇ. ನೀನು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆದಿಡುತ್ತಿದ್ದೆ, ಅದನ್ನು ಹಿಡಿದು ಸಂದರ್ಶನದಲ್ಲಿ ಮಾತಾಡಿ ಕೆಲಸ ಪಡೆದವಳು ನಾನು. ಇದಕ್ಕೆ ನೀನು ಏಳು ವರ್ಷ ನನ್ನೊಡನೆ ಮಾತು ಬಿಟ್ಟೆ. ಆದರೆ ಚಿತ್ರ ತಾನಾಗಿ ಎದ್ದು ಹೈದರಾಬಾದಿಗೆ ಹೋಗುವುದಿಲ್ಲ, ಗಂಗಾ.

ತಂಡ ಅಕ್ಟೋಬರ್ ಐದಕ್ಕೆ ನಿಮ್ಮ ಕೇಂದ್ರಕ್ಕೇ ಬರುತ್ತದೆ. ಒಂದು ವಾರವೂ ವರದಿ ತಪ್ಪಿಸದ ಮಾದರಿ ಕೇಂದ್ರ ನಿಮ್ಮದು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ದಸರೆಗೆ ಗದ್ವಾಲ ಜಿಲ್ಲೆಯಾಗುತ್ತದೆ, ಅಲ್ಲಿನ ಪ್ರಯೋಗಾಲಯಕ್ಕೆ ಹುದ್ದೆಗಳು ಬರುತ್ತವೆ. ನಿನ್ನ ಹೆಸರು ಹೇಳಿದ್ದೇನೆ.

ಶ್ರೀವಲ್ಲಿ


ಬೂದಗುಡ್ಡ
14 ಅಕ್ಟೋಬರ್ 2016

ಶ್ರೀವಲ್ಲಿಗೆ,

ನೀನು ನಡೆದದ್ದನ್ನೆಲ್ಲ ಕಂಡವಳೇ. ಆದರೂ ಬರೆಯುತ್ತೇನೆ. ಆ ದಿನ ಏನಾಯಿತು ಎಂದು ನೀನು ಬೇರೆ ಬಗೆಯಲ್ಲಿ ಬರೆದಿಡುತ್ತೀಯ.

ಐದು ಕಾರುಗಳು ಬಂದವು. ಹಿಂದಿನ ದಿನ ನಿಮ್ಮವರು ಗೋಡೆಗೆ ಸುಣ್ಣ ಬಳಿಸಿ, ಹೊಸ ಸ್ಲೈಡುಗಳ ಡಬ್ಬಿಗಳನ್ನು ಮೇಜಿನ ಮೇಲೆ ಒಡ್ಡಿ ಹೋಗಿದ್ದರು. ಸಂಜೆ ವಾಪಸು ತೆಗೆದುಕೊಂಡು ಹೋಗುತ್ತೇವೆ ಎಂದೂ ಹೇಳಿದ್ದರು. ಆ ಬಿಳಿ ಕೂದಲಿನ ಹೊರದೇಶದ ಹೆಂಗಸು ಟ್ಯಾಬ್ ಕೈಗೆತ್ತಿಕೊಂಡು ಸೊನ್ನೆಗಳನ್ನು ಒಂದೊಂದಾಗಿ ನೋಡಿದರು. "ಇಲ್ಲಿ ಯಾವ ರೋಗವೂ ಇಲ್ಲವೇ?" ಎಂದು ಕೇಳಿದರಂತೆ. ನಾನು ತೆಲುಗಿನಲ್ಲಿ, ಒಬ್ಬಳು ಸತ್ತಿದ್ದಾಳೆ, ರೋಗ ಇದೆ ಎಂದು ನಾನು ಬರೆದ ಅಂಕಿಯನ್ನು ಅಳಿಸಿದ್ದಾರೆ ಎಂದೆ. ನಿಮ್ಮ ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆಕೆ ನಗುತ್ತ ತಲೆಯಾಡಿಸಿದರು. ಸತ್ತ ಸುದ್ದಿ ಕೇಳಿ ನಗುವವರು ಎಲ್ಲಿಯೂ ಇರುವುದಿಲ್ಲ. ಅವನು ಏನು ಹೇಳಿದನೆಂದು ತಿಳಿಯಲು ನನಗೆ ಇಂಗ್ಲಿಷ್ ಬೇಕಾಗಲಿಲ್ಲ.

ಅದಕ್ಕೇ ಆ ಕುರಿಯ ರಕ್ತದ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟು, ಆಕೆಯ ತೋಳು ಹಿಡಿದು ಕೂರಿಸಿದೆ. ಆಕೆ ನೋಡಿದರು. ಬಹಳ ಹೊತ್ತು ನೋಡಿದರು. ನಗು ಹೋಯಿತು. ತಲೆಯೆತ್ತಿ ನನ್ನನ್ನಲ್ಲ, ನಿನ್ನನ್ನು ಕೇಳಿದರು.

ನೀನು ಏನು ಹೇಳಿದೆ ಎಂಬುದನ್ನು ಡಾಕ್ಟರ್ ಗುರುಲಿಂಗ ಆಮೇಲೆ ನನಗೆ ಹೇಳಿದರು. ಕಾಲೇಜಿನ ಹಳೆಯ ಪಾಠದ ಸ್ಲೈಡು, ಇಬ್ಬರೂ ಒಟ್ಟಿಗೆ ಕಲಿತವರು, ನೆನಪಿಗೆಂದು ಇಟ್ಟುಕೊಂಡಿದ್ದಾಳೆ, ಎಂದೆಯಂತೆ. ನನ್ನ ಭುಜದ ಮೇಲೆ ಕೈಯನ್ನೂ ಇಟ್ಟೆ. ಅಂಗಳದಲ್ಲಿ ಆಶಪ್ಪ ನಿಂತಿದ್ದ. ಹೆಂಡತಿ ಸತ್ತು ಆರು ವಾರವಾದವನ ಎದುರಿನಲ್ಲಿ.

ನಾನು ಜೀವನದಲ್ಲಿ ಬಹಳ ಜಾತಿಯ ಹುಳುಗಳನ್ನು ಗಾಜಿನ ಕೆಳಗೆ ನೋಡಿದ್ದೇನೆ. ಅವಕ್ಕೆ ತಾವು ಏನು ಮಾಡುತ್ತಿದ್ದೇವೆಂದು ಗೊತ್ತಿರುವುದಿಲ್ಲ.

ಗದ್ವಾಲದ ಹುದ್ದೆಯನ್ನು ಪ್ಲಾಸ್ಟಿಕ್ ಹೊದ್ದ ಯಂತ್ರಕ್ಕೇ ಕೊಡು. ಇನ್ನು ನನಗೆ ಬರೆಯಬೇಡ.

ಗಂಗಾಂಬಿಕಾ


ಹೈದರಾಬಾದ್
9 ಜನವರಿ 2017

ಗಂಗಾ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಕೋಸಗಿ ಕಡೆಯ ಒಂದು ಹಳ್ಳಿಯಲ್ಲಿ ಕುರಿಗಳು ಸತ್ತವು. ನಾಲ್ವರಿಗೆ ಗುಳ್ಳೆ, ಚಿನ್ನಯ್ಯ ಎಂಬ ಒಬ್ಬ ಸತ್ತ. ನಾನು ಖುದ್ದಾಗಿ ಹೋದೆ. ನಿಮ್ಮ ಊರಿನಲ್ಲಿ ಕುರಿ ಸಾಯಲು ಶುರುವಾದಾಗ ಹೆದರಿ ಯಾರೋ ಮಾರಿದ ಹಿಂಡು ಕೈಯಿಂದ ಕೈಗೆ ದಾಟಿ ಅಲ್ಲಿಗೆ ಬಂದಿತ್ತು. ಅಲ್ಲಿನ ಟೆಕ್ನಿಷಿಯನ್ ಚಿಕ್ಕ ಹುಡುಗಿ, ಪದ್ಮಶ್ರೀ ಅಂತ. ಅವಳು ನನ್ನನ್ನು ಕೇಳಿದಳು: "ಮೇಡಂ, ಪ್ರತಿ ಸೋಮವಾರ ಟ್ಯಾಬಿನ್ಯಾಗ ಮಕ್ತಲದ ಕಡೆ ಏನಾದ್ರೂ ಐತೇನಂತ ನೋಡ್ತಿದ್ನ್ರಿ. ಜೀರೋ ಇತ್ತು. ಇದ್ದಿದ್ರ ಕುರಿ ಕೊಳ್ಳೋರಿಗೆ ಹೇಳ್ತಿದ್ನಲ್ರೀ?"

ಇಡೀ ಜಿಲ್ಲೆಯಲ್ಲಿ ನಮ್ಮ ವರದಿಗಳನ್ನು ನಂಬಿ ಓದುತ್ತಿದ್ದವಳು ಅವಳೊಬ್ಬಳೇ ಇರಬೇಕು.

ಹೈದರಾಬಾದಿಗೆ ಬಂದು ಆಗಸ್ಟಿನ ವಾರದ ಸೊನ್ನೆ ತೆಗೆದು ನಿನ್ನ ಅಂಕಿ ಹಾಕಿದೆ. ತಿದ್ದಿದವಳು ನಾನೇ ಎಂದು, ಸ್ಲೈಡಿನ ಬಗ್ಗೆ ಸುಳ್ಳು ಹೇಳಿದೆ ಎಂದು, ಆ ತಂಡದವರಿಗೂ ಮೇಲಿನವರಿಗೂ ಬರೆದೆ. ಯೋಜನೆ ಮುಚ್ಚಲಿಲ್ಲ. ಮುಚ್ಚುತ್ತದೆ ಎಂದಿದ್ದು ಸುಳ್ಳೋ, ಅವರಿಗೆ ಯಾವುದೂ ಮುಖ್ಯವಲ್ಲವೋ ತಿಳಿಯದು. ನನ್ನನ್ನು ಮಾತ್ರ ಆ ಕುರ್ಚಿಯಿಂದ ಎಬ್ಬಿಸಿ ತರಬೇತಿ ಪುಸ್ತಕಗಳ ಕೋಣೆಯಲ್ಲಿ ಕೂರಿಸಿದ್ದಾರೆ.

ನಾಲ್ಕು ಪುಟದ ಕ್ಷಮಾಪಣೆ ಇದರ ಜೊತೆಗಿದೆ. ಓದು. ಕ್ಷಮಿಸದಿದ್ದರೂ ಓದು.

ಶ್ರೀವಲ್ಲಿ


ನಾರಾಯಣಪೇಟೆ
23 ಜನವರಿ 2017

ಶ್ರೀವಲ್ಲಿಗೆ,

ನಿನ್ನ ಪತ್ರ ಬೂದಗುಡ್ಡಕ್ಕೆ ಹೋಗಿ, ನಾಗಯ್ಯನ ಕೈಯಿಂದ ಇಲ್ಲಿಗೆ ಬಂತು. ನವೆಂಬರಿನಲ್ಲಿ ನನ್ನ ಕರಾರು ಮುಂದುವರಿಸಲಿಲ್ಲ. ಇದು ನಿನಗೆ ಗೊತ್ತಿರಲಿಲ್ಲ ಎಂದಾದರೆ, ಗೊತ್ತುಮಾಡಿಕೊಳ್ಳುವ ಹಂಬಲ ಎಷ್ಟಿತ್ತು ಎಂಬುದೂ ಅದರಲ್ಲೇ ಇದೆ. ಈಗ ಪೇಟೆಯ ಒಂದು ಖಾಸಗಿ ಲ್ಯಾಬಿನಲ್ಲಿ ಸೀರೆ ವ್ಯಾಪಾರಿಗಳ ಸಕ್ಕರೆ ಅಳೆಯುತ್ತೇನೆ. ಭಾನುವಾರ ಹಟ್ಟಿಗಳಿಗೆ ಹೋಗಿಬರುತ್ತೇನೆ.

ಚಿನ್ನಯ್ಯನ ಸುದ್ದಿಯನ್ನು ಎರಡು ಸಲ ಓದಿದೆ.

ನಾಲ್ಕು ಪುಟಗಳನ್ನು ಓದಲಿಲ್ಲ, ತಿರುಗಿ ಕಳಿಸುತ್ತಿದ್ದೇನೆ. ವಿಳಾಸ ತಪ್ಪಿದೆ. ನೀನು ಮಾಡಿದ್ದು ಆಶಪ್ಪನಿಗೆ, ಬರೆದದ್ದು ನನಗೆ. ನನಗೆ ಬರೆಯುವುದು ಸುಲಭ, ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಆಶಪ್ಪನಿಗೆ ಓದಲು ಬರುವುದಿಲ್ಲ. ನೀನೇ ಹೋಗಿ ಓದಿ ಹೇಳು. ರಾಯಚೂರಿನ ಬಸ್ಸು ಹತ್ತಿ ಮಕ್ತಲದಲ್ಲಿ ಇಳಿ. ಅಲ್ಲಿಂದ ಆಟೋ ಸಿಗುತ್ತದೆ. ಐದು ಕಾರು ತರಬೇಡ.

ಗಂಗಾಂಬಿಕಾ


ನಾರಾಯಣಪೇಟೆ
6 ಮಾರ್ಚ್ 2017

ಶ್ರೀವಲ್ಲಿಗೆ,

ನೀನು ಬರುತ್ತೀಯೆಂದು ನಾನು ಎಣಿಸಿರಲಿಲ್ಲ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ನಿನ್ನೆ ಭಾನುವಾರ ನಾನು ಹಟ್ಟಿಗೆ ಹೋದಾಗಲೇ ನೀನೂ ಬಂದೆ, ಆಶಪ್ಪನ ಅಂಗಳದಲ್ಲಿ ನಿಂತು ನಾಲ್ಕು ಪುಟವನ್ನೂ ಓದಿದೆ. ಚೆನ್ನಾಗಿ ಬರೆದಿದ್ದೆ. ನಾಲ್ಕನೆಯ ಪುಟದಲ್ಲಿ ಅಳು ಬಂತು, ಅದು ಸುಳ್ಳು ಅಳುವಲ್ಲ ಎಂದು ನನಗೂ ಅನ್ನಿಸಿತು. ಆಶಪ್ಪ ಕಂಬಳಿ ಮಡಚುತ್ತ ಕೊನೆಯವರೆಗೂ ಕೇಳಿದ.

"ಮುಗೀತೇನ್ರಿ ಬಾಯಾರ?"

"ಮುಗಿಯಿತು."

"ಹಂಗಾರ ಒಂದ್ ಮಾತ್ ಹೇಳ್ರಿ. ಈ ಸಲ ಮಳಿ ಬೀಳಾಕ ಮುಂಚೆ ನನ್ನ ಕುರಿಗೋಳಿಗಿ ದೊಮ್ಮದ ಸೂಜಿ ಹಾಕಾಕ ಬರ್ತಾರೋ, ಇಲ್ಲೋ?"

ನೀನು ಕಣ್ಣೊರೆಸಿಕೊಂಡು, "ಅದು ಪಶು ಇಲಾಖೆಯವರು..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದೆ. ಅವನು ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ನಿನಗೆ ಹಗುರವಾಗುತ್ತಿತ್ತು. "ತಿಳಕೊಂಡು ಹೇಳ್ರಿ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು, ಕುರಿ ಬಿಟ್ಟುಕೊಂಡು ಹೋದ. ನಿನ್ನ ಕೈಯಲ್ಲಿ ಆ ನಾಲ್ಕು ಪುಟ ಹಾಗೆಯೇ ಉಳಿದವು.

ಬಸ್ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ನಾವು ಮೊದಲಿನಂಗ ಆಗಾಕ ಬರ್ತೈತೇನ, ಗಂಗಾ?" ಎಂದು ಕೇಳಿದೆ. ಎಷ್ಟೋ ವರ್ಷಗಳ ಮೇಲೆ ನಮ್ಮ ಕಡೆಯ ಮಾತು ನಿನ್ನ ಬಾಯಲ್ಲಿ ಕೇಳಿದೆ. ಬಸ್ ಬಂತು ನೋಡು ಎಂದೆ. ಬಸ್ ಬಂದಿರಲಿಲ್ಲ.

ಮೃಗಶಿರಾ ಮಳೆ ಜೂನ್ ಎರಡನೆಯ ವಾರಕ್ಕೆ ಹಿಡಿಯುತ್ತದೆ. ಅದಕ್ಕೆ ಮೊದಲು ಬೂದಗುಡ್ಡದ ಹಿಂಡುಗಳಿಗೂ ಕೋಸಗಿ ಕಡೆಯ ಹಿಂಡುಗಳಿಗೂ ಸೂಜಿಮದ್ದು ಯಾರು ತರುತ್ತಾರೆ, ಯಾವ ದಿನ ತರುತ್ತಾರೆ ಎಂಬುದನ್ನು ತಿಳಿದು ನನಗೆ ಬರೆ. ಎಷ್ಟು ಕಚೇರಿಗಳ ಬಾಗಿಲಲ್ಲಿ ನಿಲ್ಲಬೇಕೋ ಅಷ್ಟರಲ್ಲೂ ನಿಲ್ಲು. ಏಳನೆಯ ಸಾಲಿನಲ್ಲಿ ಕೂರಿಸಿದರೂ ಕೂರು.

ಬೇರೆ ಏನನ್ನೂ ಬರೆಯಬೇಡ.

ಗಂಗಾಂಬಿಕಾ